ಟೀವಿ ಓದಲಾರದ ಕಡತ: ಅರ್ಧ ಶತಮಾನದ ಚರಿತ್ರೆ ಮತ್ತು ದೋಷಪತ್ತೆ

ಪಾಠಕ್ಕೆ ಬೇಕಾದ ವಿಡಿಯೋ ಕಡತವನ್ನು ಪೆನ್ ಡ್ರೈವ್‌ಗೆ ತುಂಬಿಕೊಂಡು ಬಂದು ಶಾಲೆಯ ಸ್ಮಾರ್ಟ್ ಟೀವಿಗೆ ಜೋಡಿಸುತ್ತೀರಿ. ಹಿಂದಿನ ದಿನ ಗಣಕದಲ್ಲಿ ಅದು ಸರಾಗವಾಗಿ ಓಡಿತ್ತು. ಈಗ ಪರದೆಯ ಮೇಲೆ 'ಈ ಕಡತವನ್ನು ತೋರಿಸಲಾಗದು' ಎಂಬ ಒಂದು ಸಾಲು ಮಾತ್ರ. ಇಲ್ಲವೇ ಚಿತ್ರ ಬರುತ್ತದೆ, ಧ್ವನಿ ಇಲ್ಲ. ಅಥವಾ ಧ್ವನಿ ಬರುತ್ತದೆ, ಪರದೆ ಕಪ್ಪು.

ಕಡತ ಕೆಟ್ಟಿದೆ ಎಂದು ಕೆಲವರು, ಟೀವಿ ಕೆಟ್ಟಿದೆ ಎಂದು ಕೆಲವರು ತೀರ್ಮಾನಿಸುತ್ತಾರೆ. ಬಹಳಷ್ಟು ಸಲ ಎರಡೂ ಸರಿಯಾಗಿಯೇ ಇರುತ್ತವೆ. ಕಡತವನ್ನು ಒಂದು ಕಾಲದ ಒಪ್ಪಂದಕ್ಕೆ ಅನುಗುಣವಾಗಿ ಬರೆಯಲಾಗಿದೆ. ಟೀವಿಯನ್ನು ಇನ್ನೊಂದು ಕಾಲದ ಒಪ್ಪಂದಕ್ಕೆ ಅನುಗುಣವಾಗಿ ತಯಾರಿಸಲಾಗಿದೆ. ಈ ಒಪ್ಪಂದಗಳು ಯಾವಾಗ, ಏಕೆ ಹುಟ್ಟಿದವು ಎಂಬುದು ತಿಳಿದರೆ ತೊಡಕು ಎಲ್ಲಿದೆ ಎಂಬುದನ್ನು ನೀವೇ ಪತ್ತೆ ಮಾಡಬಹುದು.

ಒಂದೇ ಒಪ್ಪಂದದ ಕಾಲ

ಭಾರತದಲ್ಲಿ ಟೆಲಿವಿಷನ್ ಪ್ರಸಾರ 1959ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. 1982ರಲ್ಲಿ ಬಣ್ಣ ಬಂದಾಗ ನಾವು ಅಳವಡಿಸಿಕೊಂಡದ್ದು 'ಪಾಲ್' ಎಂಬ ಪದ್ಧತಿಯನ್ನು. ಒಂದು ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಯಾವ ಕಂಪನಿಯ ಟೀವಿಯನ್ನು ಕೊಂಡರೂ ಅದು ದೂರದರ್ಶನವನ್ನು ತೋರಿಸುತ್ತಿತ್ತು. ಪ್ರಸಾರ ಮಾಡುವವರು ಮತ್ತು ಟೀವಿ ತಯಾರಿಸುವವರು ಒಂದೇ ಒಪ್ಪಂದಕ್ಕೆ ಬದ್ಧರಾಗಿದ್ದುದೇ ಇದಕ್ಕೆ ಕಾರಣ. ಚಿತ್ರದ ಹೊಳಪಿನ ಏರಿಳಿತವು ವಿದ್ಯುತ್ ಸಂಕೇತದ ಏರಿಳಿತವಾಗಿ ಬರುತ್ತಿತ್ತು. ಸ್ವಾಗತ ಕ್ಷೀಣವಾದರೆ ಪರದೆಯ ಮೇಲೆ ಚುಕ್ಕೆಗಳು ಕಾಣುತ್ತಿದ್ದವು. ಆದರೆ 'ಈ ನಮೂನೆ ನನಗೆ ತಿಳಿಯದು' ಎಂದು ಯಾವ ಟೀವಿಯೂ ಹೇಳುತ್ತಿರಲಿಲ್ಲ.

ಚಿತ್ರವನ್ನು ಅಂಕಿಗಳಾಗಿ ಬರೆಯತೊಡಗಿದಾಗ ಪರಿಸ್ಥಿತಿ ಬದಲಾಯಿತು. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪೂರ್ಣ ಎಚ್‌ಡಿ ಚಿತ್ರವೊಂದರಲ್ಲಿ 1920 × 1080, ಅಂದರೆ 20,73,600 ಚಿತ್ರಬಿಂದುಗಳಿವೆ. ಕೆಂಪು, ಹಸಿರು, ನೀಲಿಗಳಿಗೆ ತಲಾ ಒಂದು ಬೈಟ್ ಎಂದರೆ ಒಂದು ಚಿತ್ರಕ್ಕೆ 62,20,800 ಬೈಟ್. ಸೆಕೆಂಡಿಗೆ 25 ಚಿತ್ರಗಳಾದರೆ ಸುಮಾರು 15.5 ಕೋಟಿ ಬೈಟ್. ಎರಡೂವರೆ ಗಂಟೆಯ ಚಲನಚಿತ್ರಕ್ಕೆ ಸುಮಾರು 1,400 ಗಿಗಾಬೈಟ್ ಬೇಕು! 32 ಗಿಗಾಬೈಟ್‌ನ ಪೆನ್ ಡ್ರೈವ್‌ನಲ್ಲಿ ಹಿಡಿಸುವುದು ಮೂರೂವರೆ ನಿಮಿಷದಷ್ಟು ಚಿತ್ರ ಮಾತ್ರ.

ವಾಸ್ತವದಲ್ಲಿ ಅಂಥ ಚಲನಚಿತ್ರ ಐದಾರು ಗಿಗಾಬೈಟ್‌ಗಳಲ್ಲಿ ಅಡಗುತ್ತದೆ. ಅಂದರೆ ಸುಮಾರು 250 ಪಟ್ಟು ಕುಗ್ಗಿದೆ. ಹೀಗೆ ಕುಗ್ಗಿಸುವ ವಿದ್ಯೆಯೇ ನಮ್ಮ ತೊಡಕಿನ ಮೂಲ. ಕುಗ್ಗಿಸಿದ ಕ್ರಮವನ್ನು ಬಲ್ಲ ಸಾಧನ ಮಾತ್ರ ಅದನ್ನು ಬಿಡಿಸಬಲ್ಲದು. ಕುಗ್ಗಿಸಿ ಬಿಡಿಸುವ ಈ ಕ್ರಮಕ್ಕೆ 'ಕೋಡೆಕ್' ಎಂದು ಹೆಸರು.

ಬೆಂಗಳೂರಿನಲ್ಲಿ ಕಲಿತ ಎಂಜಿನಿಯರ್

ಈ ವಿದ್ಯೆಯ ತಳಪಾಯ ಹಾಕಿದವರಲ್ಲಿ ಮುಖ್ಯರು ನಸೀರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಇಂದು ಯುವಿಸಿಇ ಎಂದು ಹೆಸರಾಗಿರುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ಕ್ಯಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದಾಗ, 1972ರಲ್ಲಿ, ಚಿತ್ರಗಳನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆಯುವ ವಿಧಾನವೊಂದನ್ನು ಅಧ್ಯಯನ ಮಾಡಲು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೋರಿದರು. ಅರ್ಜಿ ತಿರಸ್ಕೃತವಾಯಿತು. ಆಲೋಚನೆ ತೀರಾ ಸರಳವಾಯಿತು ಎಂಬ ಅಭಿಪ್ರಾಯ ಪರಿಶೀಲಕರಿಂದ ಬಂದಿತ್ತೆಂದು ಅವರು ಮುಂದೆ ನೆನೆದಿದ್ದಾರೆ. ಆದರೂ ಕೈಬಿಡದೆ, 1973ರ ಬೇಸಿಗೆಯಲ್ಲಿ ಹೆಚ್ಚುವರಿ ಸಂಬಳವಿಲ್ಲದೆಯೇ ಕೆಲಸ ಮುಂದುವರಿಸಿದರು. ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿದ್ದ ಕೆ. ಆರ್. ರಾವ್ ಅವರೊಡನೆ ಬರೆದ ಪುಟ್ಟ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. ಅದೇ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್', ಸಂಕ್ಷಿಪ್ತವಾಗಿ ಡಿಸಿಟಿ.

ಡಿಸಿಟಿ ಮಾಡುವುದೇನು? ವೀಣೆಯ ತಂತಿಯ ನಾದವನ್ನು ಮೂಲ ಸ್ವರ ಮತ್ತು ಅದರ ಮೇಲ್ಸ್ವರಗಳ ಮೊತ್ತ ಎಂದು ಬರೆಯಬಹುದೆಂದು ಭೌತವಿಜ್ಞಾನದಲ್ಲಿ ಓದಿದ್ದೀರಿ. ಚಿತ್ರಕ್ಕೂ ಹಾಗೆಯೇ. ಚಿತ್ರವನ್ನು 8 × 8 ಬಿಂದುಗಳ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ 64 ಸಿದ್ಧ ವಿನ್ಯಾಸಗಳ ಮೊತ್ತವಾಗಿ ಬರೆಯುತ್ತಾರೆ. ಮೊದಲನೆಯ ವಿನ್ಯಾಸ ಏಕರೂಪದ ಹೊಳಪು. ಅನಂತರದವು ಕ್ರಮೇಣ ನವುರಾದ ಪಟ್ಟೆಗಳು. ಚೌಕವು ಮೋಡವಿಲ್ಲದ ಆಕಾಶದ ಭಾಗವಾಗಿದ್ದರೆ ಮೊದಲ ಸಂಖ್ಯೆಯೊಂದೇ ದೊಡ್ಡದು, ಉಳಿದ 63 ಸಂಖ್ಯೆಗಳು ಸೊನ್ನೆಗೆ ಹತ್ತಿರ. ನಮ್ಮ ಕಣ್ಣು ತೀರಾ ನವುರಾದ ಪಟ್ಟೆಗಳನ್ನು ಅಷ್ಟಾಗಿ ಗುರುತಿಸದು. ಆದ್ದರಿಂದ ಅವುಗಳ ಸಂಖ್ಯೆಗಳನ್ನು ಒರಟಾಗಿ ಅಂದಾಜಿಸಿದರೂ, ಸೊನ್ನೆ ಎಂದೇ ಬರೆದರೂ ನಷ್ಟ ಕಾಣುವುದಿಲ್ಲ. ಸಾಲು ಸಾಲು ಸೊನ್ನೆಗಳನ್ನು ಬರೆಯಲು ಜಾಗ ಬೇಕಾಗುವುದೇ ಇಲ್ಲ. ಉಳಿತಾಯ ಬರುವುದು ಇಲ್ಲಿ.

ಇದರ ಜೊತೆಗೆ ಇನ್ನೊಂದು ಉಪಾಯವಿದೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ವ್ಯತ್ಯಾಸ ಕಡಿಮೆ. ಆದ್ದರಿಂದ ಆಗೊಮ್ಮೆ ಈಗೊಮ್ಮೆ ಮಾತ್ರ ಪೂರ್ಣ ಚಿತ್ರವನ್ನು ಬರೆದು, ನಡುವೆ 'ಈ ಚೌಕ ಇಷ್ಟು ದೂರ ಸರಿಯಿತು' ಎಂಬ ಬದಲಾವಣೆಯನ್ನಷ್ಟೇ ಬರೆಯುತ್ತಾರೆ. ಜೋರು ಮಳೆಯಲ್ಲಿ ಡಿಟಿಎಚ್ ಚಿತ್ರ ಚೌಕ ಚೌಕವಾಗಿ ಒಡೆದು, ಕ್ಷಣಕಾಲ ಹಾಗೇ ನಿಂತು, ಅನಂತರ ಒಮ್ಮೆಲೇ ಸರಿಯಾಗುವುದನ್ನು ನೀವು ನೋಡಿರುತ್ತೀರಿ. ಆ ಚೌಕಗಳು ಕುಗ್ಗಿಸುವಾಗ ಕತ್ತರಿಸಿದ ಚೌಕಗಳೇ. ಒಮ್ಮೆಲೇ ಸರಿಯಾದದ್ದು ಮುಂದಿನ ಪೂರ್ಣ ಚಿತ್ರ ಬಂದಾಗ.

ಮಾನಕಗಳ ಸಾಲು

ದೂರವಾಣಿ ಮಾರ್ಗದಲ್ಲಿ ವಿಡಿಯೋ ಕಳುಹಿಸಲೆಂದು 1988ರಲ್ಲಿ ರೂಪುಗೊಂಡ ಎಚ್.261 ಮಾನಕ ಈ ಎರಡೂ ಉಪಾಯಗಳನ್ನು ಒಟ್ಟಿಗೆ ಬಳಸಿತು. ಅದೇ ವರ್ಷ ಹಿರೋಶಿ ಯಸುದಾ ಮತ್ತು ಲಿಯೊನಾರ್ಡೊ ಕಿಯಾರಿಲಿಯೋನೆ ಅವರ ಮುಂದಾಳತ್ವದಲ್ಲಿ 'ಎಂಪೆಗ್' ಎಂಬ ತಜ್ಞರ ಗುಂಪು ಹುಟ್ಟಿತು. 1993ರ ಎಂಪೆಗ್-1 ನಮ್ಮ ಮನೆಗಳಿಗೆ ವಿಸಿಡಿಯನ್ನು ತಂದಿತು. ಅದರ ಚಿತ್ರ 352 × 288 ಬಿಂದುಗಳದು, ಒಂದು ತಟ್ಟೆಯಲ್ಲಿ 74 ನಿಮಿಷ. ಹಾಗಾಗಿಯೇ ಒಂದು ಚಲನಚಿತ್ರಕ್ಕೆ ಎರಡು ಮೂರು ತಟ್ಟೆಗಳು ಬೇಕಾಗುತ್ತಿದ್ದವು. ಬಳಿಕ ಬಂದ ಎಂಪೆಗ್-2 ಡಿವಿಡಿಗೂ ಉಪಗ್ರಹ ಪ್ರಸಾರಕ್ಕೂ ಅಡಿಪಾಯವಾಯಿತು. 2003ರ ಎಚ್.264 ಅದಕ್ಕಿಂತ ಸುಮಾರು ಅರ್ಧದಷ್ಟು ಜಾಗದಲ್ಲಿ ಅದೇ ಗುಣಮಟ್ಟ ಕೊಟ್ಟಿತು. 2013ರ ಎಚ್.265, ಅಂದರೆ ಎಚ್‌ಇವಿಸಿ, ಇನ್ನಷ್ಟು ಕುಗ್ಗಿಸಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಈ ಮಾನಕಗಳು ನಿಗದಿ ಮಾಡುವುದು ಬಿಡಿಸುವ ಕ್ರಮವನ್ನು ಮಾತ್ರ. ಹೇಗೆ ಕುಗ್ಗಿಸಬೇಕು ಎಂಬುದು ತಯಾರಕರಿಗೆ ಬಿಟ್ಟದ್ದು. ಇದರಿಂದ ಕುಗ್ಗಿಸುವ ತಂತ್ರಾಂಶಗಳು ವರ್ಷದಿಂದ ವರ್ಷಕ್ಕೆ ಸುಧಾರಿಸಲು ಅವಕಾಶವಾಯಿತು. ಜೊತೆಗೆ, ಒಂದೇ ಮಾನಕದ ಹೆಸರು ಹೊತ್ತ ಎರಡು ಕಡತಗಳು ಬೇರೆ ಬೇರೆ ಸೌಲಭ್ಯಗಳನ್ನು ಬಳಸುವುದೂ ಸಾಧ್ಯವಾಯಿತು. ಒಂದು ಓಡಿ ಇನ್ನೊಂದು ಓಡದಿರುವುದಕ್ಕೆ ಇದೂ ಒಂದು ಕಾರಣ.

ಡಬ್ಬಿಯ ಮೇಲಿನ ಚೀಟಿ

ಕಡತದ ಹೆಸರಿನ ಕೊನೆಯಲ್ಲಿರುವ ಎವಿಐ, ಎಂಪಿ4, ಎಂಕೆವಿ ಮುಂತಾದ ಬಾಲಗಳು ಕೋಡೆಕ್ ಯಾವುದು ಎಂಬುದನ್ನು ಹೇಳುವುದಿಲ್ಲ. ಅವು ಡಬ್ಬಿಯ ಹೆಸರುಗಳು. ಚಿತ್ರದ ಧಾರೆ, ಧ್ವನಿಯ ಧಾರೆ, ಉಪಶೀರ್ಷಿಕೆ, ಯಾವುದು ಯಾವ ಕ್ಷಣಕ್ಕೆ ಬರಬೇಕೆಂಬ ಪಟ್ಟಿ ಇವೆಲ್ಲವನ್ನೂ ಒಟ್ಟಿಗೆ ಇಡುವ ಡಬ್ಬಿ. ಅಡುಗೆಮನೆಯಲ್ಲಿ ಒಂದೇ ಬಗೆಯ ಡಬ್ಬಿಯಲ್ಲಿ ತೊಗರಿಬೇಳೆಯೂ ಇರಬಹುದು, ಕಡಲೆಬೇಳೆಯೂ ಇರಬಹುದು. ಚೀಟಿ ಬದಲಿಸಿದರೆ ಒಳಗಿನ ಬೇಳೆ ಬದಲಾಗದು. ಎಂಕೆವಿ ಎಂಬುದನ್ನು ಅಳಿಸಿ ಎಂಪಿ4 ಎಂದು ಬರೆದರೆ ಏನೂ ಪ್ರಯೋಜನವಿಲ್ಲವೆಂಬುದು ಇದರಿಂದ ಸ್ಪಷ್ಟ.

ಆಪಲ್‌ನ ಕ್ವಿಕ್‌ಟೈಮ್ 1991ರಲ್ಲಿ, ಮೈಕ್ರೋಸಾಫ್ಟ್‌ನ ಎವಿಐ 1992ರಲ್ಲಿ ಬಂದವು. ಎಂಪೆಗ್ ಗುಂಪು ಕ್ವಿಕ್‌ಟೈಮ್‌ನ ವಿನ್ಯಾಸವನ್ನೇ ಆಧರಿಸಿ ಎಂಪಿ4 ಡಬ್ಬಿಯನ್ನು ರೂಪಿಸಿತು. 2002ರ ಕೊನೆಯಲ್ಲಿ ಸ್ವಯಂಸೇವಕ ತಂತ್ರಜ್ಞರು 'ಮತ್ರೋಸ್ಕಾ' ಎಂಬ ಮುಕ್ತ ಡಬ್ಬಿಯನ್ನು ಘೋಷಿಸಿದರು. ಒಂದರೊಳಗೊಂದು ಅಡಗುವ ರಷ್ಯಾದ ಮರದ ಗೊಂಬೆಗಳಿಂದ ಬಂದ ಹೆಸರದು. ಎಂಕೆವಿ ಬಾಲದ ಕಡತಗಳು ಇವೇ. ಯಾವ ಕೋಡೆಕ್ಕನ್ನಾದರೂ ಹಿಡಿಸಿಕೊಳ್ಳಬಲ್ಲ ಅದರ ಔದಾರ್ಯವೇ ಟೀವಿಗೆ ತೊಡಕೂ ಹೌದು. ಡಬ್ಬಿಯನ್ನು ತೆರೆಯಬಲ್ಲ ಟೀವಿಗೆ ಒಳಗಿನ ಸರಕು ಅಪರಿಚಿತವಾಗಿರಬಹುದು.

ಟೀವಿಯೊಳಗಿನ ಚಿಪ್

ಹಾಗಾದರೆ ಗಣಕದಲ್ಲಿ ಏಕೆ ಎಲ್ಲವೂ ಓಡುತ್ತದೆ? ಗಣಕದಲ್ಲಿ ಬಿಡಿಸುವ ಕೆಲಸವನ್ನು ತಂತ್ರಾಂಶವೂ ಮಾಡಬಲ್ಲದು. ಪ್ಯಾರಿಸ್‌ನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ಯೋಜನೆಯಾಗಿ 1996ರಲ್ಲಿ ಆರಂಭವಾದ ವಿಎಲ್‌ಸಿ, 2000ದಲ್ಲಿ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್ಎಫ್ಎಂಪೆಗ್ ಇಂಥ ಮುಕ್ತ ತಂತ್ರಾಂಶಗಳು. ಹೊಸ ಕೋಡೆಕ್ ಬಂದರೆ ತಂತ್ರಾಂಶದ ಹೊಸ ಆವೃತ್ತಿ ಹಾಕಿಕೊಂಡರಾಯಿತು.

ಟೀವಿಯ ಸಂಸ್ಕಾರಕ ಅಷ್ಟು ಶಕ್ತವಲ್ಲ. ಅದು ಕಡಿಮೆ ವಿದ್ಯುತ್ತಿನಲ್ಲಿ, ಕಡಿಮೆ ಬೆಲೆಯಲ್ಲಿ ಕೆಲಸ ಮಾಡಬೇಕು. ಆದ್ದರಿಂದ ಬಿಡಿಸುವ ಕ್ರಮವನ್ನು ಸಿಲಿಕಾನ್ ಚಿಪ್‌ನಲ್ಲಿ ಮಂಡಲವಾಗಿಯೇ ಕೆತ್ತಿರುತ್ತಾರೆ. ತಯಾರಾದ ದಿನ ಅದು ಬಲ್ಲದ್ದಷ್ಟೇ ಕೊನೆಯವರೆಗೂ ಅದರ ವಿದ್ಯೆ. ಹೊಸ ಆ್ಯಪ್ ಹಾಕಿದರೆ ಹೊಸ ಡಬ್ಬಿಯನ್ನು ತೆರೆಯುವುದನ್ನು ಕಲಿಯಬಹುದು. ಆದರೆ 2011ರ ಟೀವಿ ಎಚ್.265ರ ಚಿತ್ರವನ್ನು ಬಿಡಿಸಲು ಕಲಿಯದು.

ಚಿಪ್‌ಗೆ ಮಿತಿ ಹಾಕಲೆಂದೇ ಮಾನಕಗಳಲ್ಲಿ 'ಪ್ರೊಫೈಲ್' ಮತ್ತು 'ಲೆವೆಲ್' ಎಂಬ ವಿಭಾಗಗಳಿವೆ. ಯಾವ ಯಾವ ಗಣಿತ ಉಪಾಯಗಳನ್ನು ಬಳಸಬಹುದು ಎಂಬುದನ್ನು ಪ್ರೊಫೈಲ್ ಹೇಳುತ್ತದೆ. ಎಷ್ಟು ದೊಡ್ಡ ಚಿತ್ರ, ಎಷ್ಟು ವೇಗ, ಎಷ್ಟು ಸ್ಮರಣೆ ಎಂಬುದನ್ನು ಲೆವೆಲ್ ಹೇಳುತ್ತದೆ. ಉದಾಹರಣೆಗೆ ಎಚ್.264ರ ಲೆವೆಲ್ 4.1ರಲ್ಲಿ ಪೂರ್ಣ ಎಚ್‌ಡಿ ಚಿತ್ರಗಳನ್ನು ಸೆಕೆಂಡಿಗೆ 30ರಂತೆ ತೋರಿಸಬಹುದು. ಹೋಲಿಕೆಗೆಂದು ನೆನಪಿನಲ್ಲಿಡಬೇಕಾದ ಹಿಂದಿನ ಚಿತ್ರಗಳು ನಾಲ್ಕಕ್ಕೆ ಮೀರುವಂತಿಲ್ಲ. ಕಡತ ತಯಾರಿಸಿದವರು ಎಂಟು ಚಿತ್ರಗಳನ್ನು ಬಳಸಿದ್ದರೆ ಗಣಕಕ್ಕೆ ತೊಂದರೆಯಿಲ್ಲ, ಟೀವಿ ಮಾತ್ರ ಮುಗ್ಗರಿಸಬಹುದು. ಹಾಗೆಯೇ ಎಚ್.264ರಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್‌ಗಳ ಬದಲು 10 ಬಿಟ್‌ಗಳನ್ನು ಬಳಸಿದ ಕಡತಗಳನ್ನು ಹೆಚ್ಚಿನ ಟೀವಿಗಳು ತೋರಿಸಲಾರವು.

ಪೇಟೆಂಟಿನ ಬೇಲಿ

ಎಲ್ಲ ಮಿತಿಗಳೂ ತಾಂತ್ರಿಕವಲ್ಲ. ಚಿಪ್‌ಗೆ ಸಾಮರ್ಥ್ಯವಿದ್ದರೂ ತಯಾರಕರು ಪರವಾನಗಿ ಶುಲ್ಕ ಕೊಡದಿದ್ದರೆ ಆ ಸೌಲಭ್ಯ ನಿಮಗೆ ಸಿಗದು. ಚಲನಚಿತ್ರ ಮಂದಿರಗಳಲ್ಲಿ 1993ರ 'ಜುರಾಸಿಕ್ ಪಾರ್ಕ್' ಚಿತ್ರದೊಂದಿಗೆ ಹೆಸರಾದ ಡಿಟಿಎಸ್ ಧ್ವನಿ ಕ್ರಮವನ್ನೇ ನೋಡಿ. ಸ್ಯಾಮ್ಸಂಗ್ 2018ರ ಮಾದರಿಗಳಿಂದ ಇದನ್ನು ಕೈಬಿಟ್ಟಿತು. ಎಲ್‌ಜಿ 2020ರಲ್ಲಿ ಕೈಬಿಟ್ಟು, 2023ರ ಕೆಲವು ಮಾದರಿಗಳಲ್ಲಿ ಮತ್ತೆ ಸೇರಿಸಿತು. ಹಳೆಯ ಟೀವಿಯಲ್ಲಿ ಧ್ವನಿಸಹಿತ ಓಡುತ್ತಿದ್ದ ಕಡತ ಹೊಸ, ಹೆಚ್ಚು ಬೆಲೆಯ ಟೀವಿಯಲ್ಲಿ ಮೂಕವಾಗುವ ವಿಚಿತ್ರಕ್ಕೆ ಇದು ಕಾರಣ.

ಎಚ್.265ರ ವಿಷಯದಲ್ಲಿ ಬೇಲಿ ಇನ್ನೂ ಗೋಜಲಾಯಿತು. ಅದರ ಪೇಟೆಂಟ್‌ಗಳು ಹಲವು ಒಕ್ಕೂಟಗಳಲ್ಲಿ ಹಂಚಿಹೋಗಿದ್ದು, ಶುಲ್ಕವನ್ನು ಯಾರಿಗೆಲ್ಲ ಕೊಡಬೇಕೆಂಬುದೇ ಗೊಂದಲವಾಯಿತು. ಇದರಿಂದ ಬೇಸತ್ತ ಕಂಪನಿಗಳು 2015ರಲ್ಲಿ ಒಟ್ಟುಗೂಡಿ, ಶುಲ್ಕವಿಲ್ಲದೆ ಬಳಸಬಹುದಾದ ಎವಿ1 ಎಂಬ ಕೋಡೆಕ್ಕನ್ನು 2018ರಲ್ಲಿ ಹೊರತಂದವು. ಅದಕ್ಕಿಂತ ಹಿಂದೆ ತಯಾರಾದ ಟೀವಿಗಳ ಚಿಪ್‌ಗಳಿಗೆ ಎವಿ1 ಅಪರಿಚಿತ. ಮುಕ್ತ ಮಾನಕವಾದರೂ ಹಳೆಯ ಸಿಲಿಕಾನಿಗೆ ಅದನ್ನು ಕಲಿಸಲಾಗದು.

4 ಗಿಗಾಬೈಟ್‌ನ ಗೋಡೆ

ಕೆಲವೊಮ್ಮೆ ತೊಡಕು ವಿಡಿಯೋದ್ದೇ ಅಲ್ಲ, ಪೆನ್ ಡ್ರೈವ್‌ನದ್ದು. 1996ರಲ್ಲಿ ಬಂದ ಫ್ಯಾಟ್32 ಎಂಬ ಕಡತ ವ್ಯವಸ್ಥೆ ಕಡತದ ಗಾತ್ರವನ್ನು 32 ಬಿಟ್‌ಗಳಲ್ಲಿ ಬರೆದಿಡುತ್ತದೆ. ಆದ್ದರಿಂದ ಒಂದು ಕಡತ 2³² − 1, ಅಂದರೆ 429,49,67,295 ಬೈಟ್‌ಗಳಿಗಿಂತ ದೊಡ್ಡದಾಗುವಂತಿಲ್ಲ. ಮೇಲೆ ಹೇಳಿದ ಐದಾರು ಗಿಗಾಬೈಟ್‌ನ ಚಲನಚಿತ್ರ ಇದರಲ್ಲಿ ಹಿಡಿಸದು. ಎನ್‌ಟಿಎಫ್‌ಎಸ್ ಮತ್ತು 2006ರ ಎಕ್ಸ್‌ಫ್ಯಾಟ್ ವ್ಯವಸ್ಥೆಗಳಲ್ಲಿ ಈ ಗೋಡೆ ಇಲ್ಲ. ಆದರೆ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ ಸಾರ್ವಜನಿಕಗೊಳಿಸಿದ್ದು 2019ರಲ್ಲಿ. ಬಹುಪಾಲು ಸ್ಮಾರ್ಟ್ ಟೀವಿಗಳ ಒಳಗಿರುವುದು ಲಿನಕ್ಸ್. ಆದ್ದರಿಂದ ಹಳೆಯ ಟೀವಿಗಳಲ್ಲಿ ಕೆಲವು ಎಕ್ಸ್‌ಫ್ಯಾಟ್ ಡ್ರೈವ್‌ಗಳನ್ನು ಖಾಲಿ ಎಂದೇ ತಿಳಿಯುತ್ತವೆ.

ಲಕ್ಷಣದಿಂದ ಕಾರಣಕ್ಕೆ

ಈಗ ದೋಷಪತ್ತೆಗೆ ಬರೋಣ. ವಿಜ್ಞಾನದ ಪ್ರಯೋಗದಲ್ಲಿರುವ ನಿಯಮವೇ ಇಲ್ಲಿಯೂ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ಮೊದಲು ಗಣಕದಲ್ಲಿ ಕಡತವನ್ನು ತೆರೆದು ಅದರೊಳಗೇನಿದೆ ಎಂದು ನೋಡಿ. ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಡಬ್ಬಿ, ಚಿತ್ರದ ಕೋಡೆಕ್, ಪ್ರೊಫೈಲ್, ಲೆವೆಲ್, ಧ್ವನಿಯ ಕೋಡೆಕ್ ಎಲ್ಲವನ್ನೂ ಪಟ್ಟಿ ಮಾಡುತ್ತದೆ. ಅದನ್ನು ಟೀವಿಯ ಕೈಪಿಡಿಯಲ್ಲಿರುವ ಕೋಷ್ಟಕದೊಂದಿಗೆ ಹೋಲಿಸಿ.

1. ಕಡತ ಟೀವಿಯ ಪಟ್ಟಿಯಲ್ಲಿ ಕಾಣುವುದೇ ಇಲ್ಲ: ಪೆನ್ ಡ್ರೈವ್‌ನ ಕಡತ ವ್ಯವಸ್ಥೆ ಅಥವಾ ಡಬ್ಬಿಯನ್ನು ಶಂಕಿಸಿ. ಚಾಲ್ತಿಯಲ್ಲಿರುವ ಇನ್ನೊಂದು ಪೆನ್ ಡ್ರೈವ್‌ನಲ್ಲಿ ಅದೇ ಕಡತವನ್ನು ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

2. ಚಿತ್ರವಿದೆ, ಧ್ವನಿಯಿಲ್ಲ: ಧ್ವನಿಯ ಕೋಡೆಕ್ ಟೀವಿಗೆ ತಿಳಿಯದು; ಬಹುಶಃ ಡಿಟಿಎಸ್. ಚಿತ್ರವನ್ನು ಮುಟ್ಟದೆ ಧ್ವನಿಯನ್ನು ಮಾತ್ರ ಎಎಸಿಗೆ ಬದಲಿಸಿ. ಕೆಲವೇ ನಿಮಿಷಗಳ ಕೆಲಸ.

3. ಧ್ವನಿಯಿದೆ, ಚಿತ್ರವಿಲ್ಲ: ಚಿತ್ರದ ಕೋಡೆಕ್, ಪ್ರೊಫೈಲ್ ಅಥವಾ ಲೆವೆಲ್ ಟೀವಿಯ ಮಿತಿಯನ್ನು ಮೀರಿದೆ. ಚಿತ್ರವನ್ನು ಎಚ್.264ಕ್ಕೆ ಮರುಸಂಕೇತಿಸುವುದು ಅನಿವಾರ್ಯ. ಇದಕ್ಕೆ ಸಮಯ ಹಿಡಿಯುತ್ತದೆ, ಗುಣಮಟ್ಟವೂ ತುಸು ಕುಂದುತ್ತದೆ. ಮೂಲ ಕಡತವನ್ನು ಅಳಿಸಬೇಡಿ.

4. ತಡೆತಡೆದು ಓಡುತ್ತದೆ: ಸೆಕೆಂಡಿಗೆ ಬರುವ ಬಿಟ್‌ಗಳ ಪ್ರಮಾಣ ಹೆಚ್ಚು, ಇಲ್ಲವೇ ದಾರಿ ಇಕ್ಕಟ್ಟು. ವೈ-ಫೈ ಮೂಲಕ ನೋಡುತ್ತಿದ್ದರೆ ಅದೇ ಕಡತವನ್ನು ಪೆನ್ ಡ್ರೈವ್‌ನಿಂದ ಓಡಿಸಿ. ಆಗ ಸರಿಹೋದರೆ ತೊಡಕು ಜಾಲದ್ದು.

5. ಕಡತ ತೆರೆಯುವುದೇ ಇಲ್ಲ, ಗಣಕದಲ್ಲೂ ಓಡದು: ನಕಲು ಅಪೂರ್ಣವಾಗಿರಬಹುದು. ಎಂಪಿ4 ಕಡತದ ವಿಷಯಸೂಚಿ ಹಲವು ಬಾರಿ ಕೊನೆಯಲ್ಲಿರುತ್ತದೆ. ಬಾಲ ತುಂಡಾದರೆ ಮುಂದಿನದೆಲ್ಲ ಇದ್ದೂ ಇಲ್ಲದಂತೆ. ಪೆನ್ ಡ್ರೈವ್ ಅನ್ನು ಸರಿಯಾಗಿ ಬಿಡುಗಡೆ ಮಾಡದೆ ಕಿತ್ತರೆ ಹೀಗಾಗುವುದುಂಟು.

6. ಕನ್ನಡ ಉಪಶೀರ್ಷಿಕೆಯ ಬದಲು ರೋಮನ್ ಅಕ್ಷರಗಳ ಗೋಜಲು: ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಬರೆದಿದ್ದಾರೆ. ಯೂನಿಕೋಡ್‌ಗೆ ಪರಿವರ್ತಿಸಿ ಯುಟಿಎಫ್-8 ಆಗಿ ಉಳಿಸಿ. ಖಾಲಿ ಚೌಕಗಳು ಕಂಡರೆ ಟೀವಿಯಲ್ಲಿ ಕನ್ನಡ ಫಾಂಟ್ ಇಲ್ಲ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಅವನ್ನು ಕೂಡಿಸುವ ತಂತ್ರಾಂಶ ಇಲ್ಲ. ಇವೆರಡಕ್ಕೂ ಇರುವ ದಾರಿ, ಉಪಶೀರ್ಷಿಕೆಯನ್ನು ಚಿತ್ರದ ಭಾಗವಾಗಿಯೇ ಅಚ್ಚೊತ್ತುವುದು.

ಎಂಕೆವಿ ಡಬ್ಬಿಯಷ್ಟೇ ತೊಡಕಾಗಿದ್ದು ಒಳಗಿನ ಸರಕು ಸರಿಯಾಗಿದ್ದರೆ ಮರುಸಂಕೇತನ ಬೇಡ. ಎಫ್ಎಫ್ಎಂಪೆಗ್‌ನಂಥ ತಂತ್ರಾಂಶದಿಂದ ಸರಕನ್ನು ಎಂಪಿ4 ಡಬ್ಬಿಗೆ ವರ್ಗಾಯಿಸಿದರೆ ಸಾಕು. ಒಂದು ಬಿಟ್ ಕೂಡ ನಷ್ಟವಾಗದು. ಅವಸರವಿದ್ದರೆ ಗಣಕವನ್ನೇ ಎಚ್‌ಡಿಎಂಐ ತಂತಿಯಿಂದ ಟೀವಿಗೆ ಜೋಡಿಸಿ. ಆಗ ಬಿಡಿಸುವ ಕೆಲಸ ಗಣಕದ್ದು. ಟೀವಿ ಬರಿಯ ಪರದೆ.

ಇಂದು ಚಿತ್ರೀಕರಿಸುವವರಿಗೆ

ಈಗ ಅಧ್ಯಾಪಕರು ತಾವೇ ಪ್ರಯೋಗಗಳನ್ನು ಫೋನಿನಲ್ಲಿ ಚಿತ್ರೀಕರಿಸುತ್ತಾರೆ. ಐಫೋನ್‌ಗಳು 2017ರಿಂದ ಎಚ್‌ಇವಿಸಿಯಲ್ಲಿ ಚಿತ್ರೀಕರಿಸಬಲ್ಲವು. ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲೂ ಆ ಆಯ್ಕೆಯಿದೆ. ಫೋನಿನ ಜಾಗ ಉಳಿಯುತ್ತದೆ ನಿಜ, ಆದರೆ ಶಾಲೆಯ ಹಳೆಯ ಟೀವಿ ಅದನ್ನು ತೋರಿಸದಿರಬಹುದು. ಹಂಚಲೆಂದು ಚಿತ್ರೀಕರಿಸುವುದಾದರೆ ಎಂಪಿ4 ಡಬ್ಬಿ, ಎಚ್.264 ಚಿತ್ರ, ಎಎಸಿ ಧ್ವನಿ, 1920 × 1080 ಬಿಂದು, ಸೆಕೆಂಡಿಗೆ 25 ಅಥವಾ 30 ಚಿತ್ರ ಎಂಬ ಸೂತ್ರವನ್ನು ನೆನಪಿಡಿ. ಇದು ಅತ್ಯಾಧುನಿಕವಲ್ಲ. ಆದರೆ ಕಳೆದ ಹತ್ತು ಹನ್ನೆರಡು ವರ್ಷಗಳ ಬಹುತೇಕ ಎಲ್ಲ ಟೀವಿಗಳಿಗೂ ಅರ್ಥವಾಗುವ ಭಾಷೆ.

ಇನ್ನೊಂದು ಕೆಲಸವೂ ಇದೆ. 2000ದ ದಶಕದಲ್ಲಿ ಎವಿಐ ಡಬ್ಬಿಯೊಳಗೆ ಡಿವ್ಎಕ್ಸ್, ಎಕ್ಸ್‌ವಿಡ್ ಎಂಬ ಕೋಡೆಕ್‌ಗಳು ಬಹಳ ಜನಪ್ರಿಯವಾಗಿದ್ದವು. ಆ ಕಾಲದಲ್ಲಿ ಶಾಲೆಗಳು ಉಳಿಸಿಟ್ಟ ವಿಜ್ಞಾನ ಮೇಳ, ಗ್ರಹಣ ವೀಕ್ಷಣೆ, ನಿವೃತ್ತರಾದ ಅಧ್ಯಾಪಕರ ಪಾಠ ಮುಂತಾದವು ಇಂಥ ಕಡತಗಳಲ್ಲಿ, ಸಿಡಿಗಳಲ್ಲಿ ಕುಳಿತಿವೆ. ಟೀವಿ ತಯಾರಕರು ಹಳೆಯ ಕೋಡೆಕ್‌ಗಳನ್ನು ಒಂದೊಂದಾಗಿ ಕೈಬಿಡುತ್ತಿದ್ದಾರೆ. ಟೀವಿ ತೋರಿಸಲಿಲ್ಲವೆಂದು 'ಹಾಳಾಗಿದೆ' ಎಂದು ಬಿಸಾಡಿದರೆ, ಹಾಳಾಗದ ದಾಖಲೆಯೊಂದು ಶಾಶ್ವತವಾಗಿ ಹೋದಂತೆ. ಗಣಕದ ಮುಕ್ತ ತಂತ್ರಾಂಶಗಳು ಇವನ್ನು ಇನ್ನೂ ಓದಬಲ್ಲವು. ಸಿಡಿಗಳು ಗೀಚಿ ಹೋಗುವ ಮುನ್ನ ಅವನ್ನು ಪ್ರತಿ ಮಾಡಿ, ಮೂಲವನ್ನೂ ಹೊಸ ರೂಪವನ್ನೂ ಎರಡು ಕಡೆ ಇಡಿ. ವಿದ್ಯಾರ್ಥಿಗಳಿಗೆ ಇದನ್ನೇ ಒಂದು ಯೋಜನೆಯಾಗಿ ಕೊಡಬಹುದು. ಕಡತವೊಂದರ ಒಳಗನ್ನು ಪರೀಕ್ಷಿಸಿ, ಅದು ಯಾವ ವರ್ಷದ ಒಪ್ಪಂದದಲ್ಲಿ ಬರೆದದ್ದೆಂದು ಗುರುತಿಸುವುದು ಶಾಸನ ಓದುವಷ್ಟೇ ಸ್ವಾರಸ್ಯದ ಕೆಲಸ.